ಪೆಟ್ಟಿಗೆಯ ಬಿಸಿ ಬದಿ

ಪೆಟ್ಟಿಗೆಯಣ್ಣನಿಗೆ ಆ ಹೆಸರು ಬಂದದ್ದು ಐವತ್ತು ದಾಟಿದ ಮೇಲೆ. ಅದಕ್ಕೂ ಮೊದಲು ಇಪ್ಪತ್ತೆಂಟು ವರ್ಷ ಅವನು ಫ್ರಿಜ್ ರಿಪೇರಿ ಮಾಡುತ್ತಿದ್ದ. ಮಾರ್ಕೆಟ್ ಹಿಂದಿನ ಸಂದಿಯಲ್ಲಿ ಒಂದು ಬಾಗಿಲಿನ ಅಂಗಡಿ, ಹೊರಗೆ ಬಾಗಿಲು ಕಿತ್ತ ಹಳೇ ಫ್ರಿಜ್ಜುಗಳ ಸಾಲು. ಕಂಪ್ರೆಸರಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ. ಜನ ರಿಪೇರಿ ಬಿಟ್ಟು ಹೊಸದನ್ನೇ ಕೊಳ್ಳತೊಡಗಿದಾಗ ಅವನು ತನ್ನ ಕೈಯಾರೆ ಎರಡು ಪೆಟ್ಟಿಗೆ ಕಟ್ಟಿದ. ಆರೂವರೆ ಅಡಿ ಉದ್ದ, ಗಾಜಿನ ಮುಚ್ಚಳ, ತಲೆಯ ಕಡೆಗೆ ಯಂತ್ರ. ಯಾರಾದರೂ ತೀರಿಕೊಂಡರೆ, ದೂರದಲ್ಲಿರುವವರು ಬಂದು ಸೇರುವವರೆಗೆ ದೇಹ ಕೆಡದಂತೆ ಇಡುವ ಪೆಟ್ಟಿಗೆ.

ಹೆಂಡತಿ ಮೊದಮೊದಲು ಮೂಗು ಮುರಿದಳು. ಅವಳ ತಮ್ಮನೇ ವ್ಯಾನ್ ಓಡಿಸಿಕೊಂಡು ಜೊತೆಯಾದ ಮೇಲೆ ಸುಮ್ಮನಾದಳು. ಆ ಬಾಮೈದ ಮಾತುಗಾರ. "ಭಾವ, ಇಷ್ಟು ವರ್ಷ ಆಯ್ತು, ನಮ್ಮ ಗಿರಾಕಿಗಳಿಂದ ಒಂದೇ ಒಂದು ಕಂಪ್ಲೇಂಟ್ ಬಂದಿಲ್ಲ ನೋಡಿ" ಎಂದು ನಗಿಸುತ್ತಿದ್ದ.

ತಿಂಗಳಿಗೆ ಐದಾರು ಕರೆ ಬಂದರೆ ಹೆಚ್ಚು. ಆದರೆ ಆ ಬೇಸಿಗೆಯಲ್ಲಿ ಒಂದೇ ವಾರಕ್ಕೆ ಹದಿನಾಲ್ಕು ಕರೆ ಬಂದವು.

ಬಿಸಿಗಾಳಿ ಶುರುವಾಗಿ ನಾಲ್ಕು ದಿನವಾಗಿತ್ತು. ಸಂಜೆಯಾದರೂ ಗೋಡೆ ಆರುತ್ತಿರಲಿಲ್ಲ, ಬೆಳಗಿನ ಜಾವದ ನಲ್ಲಿ ನೀರೂ ಬೆಚ್ಚಗೆ ಬರುತ್ತಿತ್ತು. ಬಾಮೈದನ ತಮಾಷೆ ಮೂರನೇ ದಿನಕ್ಕೇ ನಿಂತುಹೋಯಿತು. ಹೋದ ಮನೆಗಳಲ್ಲೆಲ್ಲ ಎಪ್ಪತ್ತು ದಾಟಿದವರು. ಹೆಚ್ಚಿನವು ಮೇಲಿನ ಮಹಡಿ. ಕಿಟಕಿ ಮುಚ್ಚಿದ, ಫ್ಯಾನ್ ಮಾತ್ರ ತಿರುಗುತ್ತಿದ್ದ ಕೋಣೆಗಳು. ಯಾರೂ ರಸ್ತೆಯಲ್ಲಿ ತಲೆಸುತ್ತಿ ಬಿದ್ದವರಲ್ಲ. ಬಿಸಿಲಿಗೆ ಹೋಗಿಯೇ ಇರಲಿಲ್ಲ. "ರಾತ್ರಿ ಮಲಗಿದವರು ಏಳಲೇ ಇಲ್ಲ" ಎನ್ನುತ್ತಿದ್ದರು ಮನೆಯವರು. "ವಯಸ್ಸಾಗಿತ್ತಲ್ಲ" ಎಂದೂ ಸೇರಿಸುತ್ತಿದ್ದರು. ಪೆಟ್ಟಿಗೆಯಣ್ಣನೂ ತಲೆಯಾಡಿಸಿ ಪ್ಲಗ್ ಎಲ್ಲಿದೆ ಎಂದು ಕೇಳುತ್ತಿದ್ದ.

ಐದನೇ ದಿನ ಬೆಳಿಗ್ಗೆ ಒಬ್ಬ ಟೈಲರಮ್ಮ ಫೋನ್ ಮಾಡಿದಳು. ಅವಳ ಅಂಗಡಿಯ ಮೇಲೆ ನಾಲ್ಕನೇ ಮಹಡಿಯಲ್ಲಿ ಡ್ರಾಯಿಂಗ್ ಮೇಷ್ಟ್ರು ಮತ್ತು ಅವರ ಹೆಂಡತಿ ಬಾಡಿಗೆಗಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ದೂರದ ಊರಿನಲ್ಲಿ. ರೈಲು ಹತ್ತಿದ್ದಾಳೆ, ಮಾರನೆಯ ದಿನ ಮಧ್ಯಾಹ್ನಕ್ಕೆ ತಲುಪುತ್ತಾಳೆ.

ಪೆಟ್ಟಿಗೆಯನ್ನು ಓರೆ ಮಾಡಿ, ತಿರುವುಗಳಲ್ಲಿ ನಿಂತು ಉಸಿರು ತೆಗೆದುಕೊಂಡು ಇಬ್ಬರೂ ಮೇಲೆ ಹತ್ತಿದರು. ತಾರಸಿಯ ಮೇಲೆ ಆಮೇಲೆ ಕಟ್ಟಿದ ಒಂದೇ ಕೋಣೆ, ತಗಡಿನ ಮಾಡು. ಒಳಗೆ ಕಾಲಿಟ್ಟರೆ ಒಲೆಗೆ ಮುಖ ಕೊಟ್ಟ ಹಾಗೆ. ಗೋಡೆಯ ತುಂಬ ಪೆನ್ಸಿಲ್ ಚಿತ್ರಗಳು: ಚಪ್ಪಲಿ, ತಕ್ಕಡಿ, ನೀರಿನ ಹೂಜಿ, ಮತ್ತೆ ಮತ್ತೆ ಒಬ್ಬಳೇ ಹೆಂಗಸಿನ ಕೈಗಳು. ಮೇಷ್ಟ್ರು ಜನ ಬರುತ್ತಾರೆಂದು ತುಂಬುತೋಳಿನ ಅಂಗಿ ಹಾಕಿ ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡಿದ್ದರು.

ದೇಹವನ್ನು ಮಲಗಿಸಿ ಸ್ವಿಚ್ ಹಾಕಿದಾಗ ಕಂಪ್ರೆಸರ್ ಒಮ್ಮೆ ನರಳಿ ಓಡತೊಡಗಿತು. ಮೇಷ್ಟ್ರು ಮುಚ್ಚಳದ ಮೇಲೆ ಅಂಗೈ ಇಟ್ಟರು.

"ಎಷ್ಟು ತಣ್ಣಗಿದೆಯಪ್ಪ" ಎಂದರು. "ರಾತ್ರಿಯೆಲ್ಲ ಇವಳು ಸೆಕೆ, ಸೆಕೆ ಅಂತಿದ್ಲು. ಒದ್ದೆ ಬಟ್ಟೆ ಹಾಕ್ತಾನೇ ಇದ್ದೆ. ಯಾವಾಗ ಕಣ್ಣು ಹತ್ತಿತೋ ಗೊತ್ತಾಗಲಿಲ್ಲ."

ಆಮೇಲೆ ಒಂದು ಮರದ ಕುರ್ಚಿ ಎಳೆದುಕೊಂಡು ಹೆಂಡತಿಯ ತಲೆಯ ಬಳಿ ಕುಳಿತರು. ಯಂತ್ರವಿದ್ದದ್ದೂ ಅಲ್ಲೇ. ಪೆಟ್ಟಿಗೆಯ ಒಳಗಿನ ಬಿಸಿಯನ್ನೆಲ್ಲ ಅದು ಆ ಜಾಲರಿಯಿಂದ ಹೊರಗೆ ಊದುತ್ತದೆ. ಒಳಗೆ ತಣ್ಣಗಾದಷ್ಟೂ ಹೊರಗೆ ಬಿಸಿ. ಇಪ್ಪತ್ತೆಂಟು ವರ್ಷ ಅದೇ ಕೆಲಸ ಮಾಡಿದವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮೇಷ್ಟ್ರೇ, ಆ ಕಡೆ ಬೇಡಿ. ಬಿಸಿಗಾಳಿ ಬಡಿಯುತ್ತೆ. ಈ ಕಡೆ ಬನ್ನಿ" ಎಂದ.

"ಇವಳ ಮುಖ ಈ ಕಡೆ ಇದೆಯಲ್ಲ."

ಎಬ್ಬಿಸೋಣವೆಂದು ಪೆಟ್ಟಿಗೆಯಣ್ಣ ಅವರ ಮುಂಗೈ ಹಿಡಿದ. ಅವನೂ ಬಾಮೈದನೂ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದರು. ಮೇಷ್ಟ್ರ ಕೈ ಮಾತ್ರ ಒಣಗಿತ್ತು. ಒಣಗಿ, ಸುಡುತ್ತಿತ್ತು. ವಿಚಿತ್ರವೆನಿಸಿತು. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಇನ್ನೊಂದು ಮನೆ. ಅವನು ಕೈ ಬಿಟ್ಟ. "ನೀರು ಕುಡೀತಾ ಇರಿ" ಎಂದು ಹೇಳಿ, ಟೈಲರಮ್ಮನಿಗೆ "ಆಗಾಗ ನೋಡ್ಕೊಳ್ಳಿ" ಎಂದು ಹೇಳಿ ಹೊರಟ.

ಮಾರನೆಯ ದಿನ ಹನ್ನೊಂದು ಗಂಟೆಗೆ ಅದೇ ನಂಬರಿನಿಂದ ಕರೆ ಬಂತು. ಮಗಳು ಬೇಗ ಬಂದಿರಬೇಕು, ಪೆಟ್ಟಿಗೆ ವಾಪಸು ಒಯ್ಯಲು ಹೇಳುತ್ತಾರೆ ಎಂದುಕೊಂಡು ಎತ್ತಿದ.

"ಅಣ್ಣಾ, ಇನ್ನೊಂದು ಪೆಟ್ಟಿಗೆ ತರ್ತೀರಾ?" ಎಂದಳು ಟೈಲರಮ್ಮ. "ಎಂಟು ಗಂಟೆಗೆ ಕಾಫಿ ಕೊಟ್ಟು ಬಂದಿದ್ದೆ. ಕುಡಿದೇ ಇಲ್ಲ. ಕೂತ ಹಾಗೇ ಇದ್ದಾರೆ."

ಕುರ್ಚಿ ಅಲ್ಲೇ ಇತ್ತು. ಕುತ್ತಿಗೆಯ ಗುಂಡಿಯೂ ಬಿಚ್ಚಿರಲಿಲ್ಲ. ಯಂತ್ರ ಅವರ ಮಂಡಿಗೆ ಬಿಸಿಗಾಳಿ ಊದುತ್ತಲೇ ಇತ್ತು. ಪೆಟ್ಟಿಗೆಯಣ್ಣ ಮೊದಲು ಮಾಡಿದ್ದು ಸ್ವಿಚ್ ಆರಿಸಿದ್ದು. ಬಾಮೈದ ಗಾಬರಿಯಾಗಿ, "ಭಾವ, ಒಳಗೆ ಅಜ್ಜಿ ಇದ್ದಾರೆ" ಎಂದ. ಅವನು ಮತ್ತೆ ಸ್ವಿಚ್ ಹಾಕಿದ. ಡಾಕ್ಟರು ಬಂದು ಹೃದಯಾಘಾತ ಎಂದು ಬರೆದುಕೊಟ್ಟು ಹೋದರು.

ಇಬ್ಬರನ್ನೂ ಕೆಳಗಿಳಿಸಿ ಟೈಲರಮ್ಮನ ಅಂಗಡಿಯ ಪಕ್ಕದ ಓಣಿಯಲ್ಲಿ ಅಕ್ಕಪಕ್ಕ ಇಟ್ಟರು. ಅಮ್ಮನಿಗಾಗಿ ಹೊರಟು ಬಂದ ಮಗಳು ಎರಡು ಪೆಟ್ಟಿಗೆ ನೋಡಿದಳು.

ಹನ್ನೆರಡು ದಿನ ಕಳೆದ ಮೇಲೆ ಪೆಟ್ಟಿಗೆಯಣ್ಣ, ಕೋಣೆ ಖಾಲಿ ಮಾಡಲು ಬಂದಿದ್ದ ಮಗಳನ್ನು ಹುಡುಕಿಕೊಂಡು ಹೋದ. ಅವಳು ಗೋಡೆಯಿಂದ ಚಿತ್ರಗಳನ್ನು ಒಂದೊಂದಾಗಿ ಕಳಚುತ್ತಿದ್ದಳು. ಇವನು ಬಾಗಿಲಲ್ಲೇ ನಿಂತು ಯಂತ್ರ, ಜಾಲರಿ, ಕುರ್ಚಿ, ಒಣಗಿದ ಕೈ, ಬಂದ ಫೋನು, ಎಲ್ಲವನ್ನೂ ಹೇಳಿದ. ಅವಳು ತಿರುಗದೆ ಕೇಳಿಸಿಕೊಂಡಳು.

"ನೀವು ಸರಿಸಿದ್ರೂ ಅಪ್ಪ ಮತ್ತೆ ಅಲ್ಲೇ ಬಂದು ಕೂರ್ತಿದ್ರು" ಎಂದಳು ಕೊನೆಗೆ.

ಅವನು ಇಳಿಯಲು ತಿರುಗಿದ. ಹಿಂದಿನಿಂದ ಮತ್ತೆ ಅವಳ ದನಿ ಬಂತು.

"ಆದ್ರೂ ಸರಿಸಬೇಕಿತ್ತು."

ಈ ಎರಡು ಮಾತುಗಳ ನಡುವೆ ಅವನು ಸಿಕ್ಕಿಹಾಕಿಕೊಂಡ. ಊಟ ಸೇರುತ್ತಿರಲಿಲ್ಲ. ಮನೆಯ ಫ್ರಿಜ್ ಸದ್ದು ಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದ. ಮಧ್ಯಾಹ್ನ ಕಣ್ಣು ಮುಚ್ಚಿದರೆ "ಈ ಕಡೆ ಬನ್ನಿ, ಈ ಕಡೆ" ಎಂದು ಬಡಬಡಿಸುತ್ತಿದ್ದ. ಹೆಂಡತಿ ತಡೆಯಲಾರದೆ ಅವನನ್ನು ಆರೋಗ್ಯ ಕೇಂದ್ರದ ನರ್ಸಮ್ಮನ ಮುಂದೆ ಕೂರಿಸಿದಳು.

"ನನ್ನ ಪೆಟ್ಟಿಗೆಯಿಂದಲೇ ಅವರು ಹೋದ್ರಾ?" ಎಂದು ನೇರವಾಗಿ ಕೇಳಿದ.

ನರ್ಸಮ್ಮ ಸಮಾಧಾನದ ಮಾತಾಡುವವರ ಪೈಕಿಯಲ್ಲ. "ಅದೊಂದರಿಂದಲೇ ಅಂತ ಹೇಳೋಕಾಗಲ್ಲ. ಅಲ್ಲವೇ ಅಲ್ಲ ಅಂತಲೂ ಹೇಳಲ್ಲ" ಎಂದಳು. "ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದೇ ಕಮ್ಮಿ. ಬೆವರೂ ಸರಿಯಾಗಿ ಬರಲ್ಲ. ಕೆಲವರ ಬಿಪಿ ಮಾತ್ರೆ ಮೈಯಲ್ಲಿರೋ ನೀರನ್ನೂ ಇಳಿಸುತ್ತೆ. ಕೋಣೆ ರಾತ್ರಿನೂ ಆರದಿದ್ರೆ ಹೃದಯಕ್ಕೆ ಬಿಡುವೆಲ್ಲಿ? ಮೂರು ದಿನ, ನಾಲ್ಕು ದಿನ ಎಳೆಯುತ್ತೆ, ಆಮೇಲೆ ನಿಲ್ಲುತ್ತೆ. ಹೃದಯ ನಿಂತಿತು ಅಂತ ಬರೀತಾರೆ. ಸುಳ್ಳೇನಲ್ಲ. ಸೆಕೆ ಅಂತ ಯಾರೂ ಬರೆಯಲ್ಲ, ಅಷ್ಟೇ. ನೀನು ಹಿಡಿದಾಗ ಕೈ ಒಣಗಿ ಸುಡ್ತಿತ್ತು ಅಂದೆಯಲ್ಲ, ಆಗಲೇ ಆಸ್ಪತ್ರೆಗೆ ಒಯ್ಯಬೇಕಿತ್ತು. ನಿನಗೆ ಗೊತ್ತಿರಲಿಲ್ಲ."

"ಈಗ ಗೊತ್ತಾಯ್ತಲ್ಲ" ಎಂದ ಅವನು.

ಅಂದಿನಿಂದ ತಗಡಿನ ಕೋಣೆಗೆ ಪೆಟ್ಟಿಗೆ ಹತ್ತಿಸುವುದನ್ನು ನಿಲ್ಲಿಸಿದ. ಕೆಳಗಿನ ಓಣಿಯಲ್ಲೋ ಗಾಳಿಯಾಡುವ ವರಾಂಡದಲ್ಲೋ ಜಾಗ ಕೊಟ್ಟರೆ ಮಾತ್ರ ಇಡುತ್ತೇನೆ ಎಂದು ಪಟ್ಟು ಹಿಡಿದ. ಕೆಲವರು ರೇಗಿ ಬೇರೆಯವರನ್ನು ಕರೆಸಿಕೊಂಡರು. ಮುಂದಿನ ಬೇಸಿಗೆ ಕಾವೇರುತ್ತಿದ್ದಂತೆ, ತಾನು ಹಿಂದೆ ಹೋಗಿದ್ದ ಮನೆಗಳ ಮೇಲಿನ ಮಹಡಿಗಳಿಗೆ ಹೋಗಿ ಬಾಗಿಲು ತಟ್ಟತೊಡಗಿದ. ಹಿರಿಯರು ಹೇಗಿದ್ದಾರೆ, ನೀರು ಕುಡಿಯುತ್ತಿದ್ದಾರಾ ಎಂದು ಕೇಳುವುದಷ್ಟೇ ಅವನ ಉದ್ದೇಶ. ಆದರೆ ಅವನ ಮುಖ ಕಂಡರೆ ಜನರ ಎದೆ ಝಲ್ಲೆನ್ನುತ್ತಿತ್ತು. "ನಮ್ಮನೇಲಿ ಎಲ್ಲರೂ ಚೆನ್ನಾಗಿದ್ದಾರೆ, ನೀನು ಮೊದಲು ಹೋಗಪ್ಪ!" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಬ್ಬಳು ಅವನು ನಿಂತಿದ್ದ ಜಾಗಕ್ಕೆ ಒಂದು ಬಕೆಟ್ ನೀರು ಸುರಿದಳು.

ಆಮೇಲೆ ನರ್ಸಮ್ಮನ ಜೊತೆ ಹೋಗತೊಡಗಿದ. ಅವಳು ಒಳಗೆ ಹೋದರೆ, ಇವನು ಯಾರ ಕಣ್ಣಿಗೂ ಬೀಳದಂತೆ ಒಂದು ಮಹಡಿ ಕೆಳಗೆ, ಮೆಟ್ಟಿಲ ತಿರುವಿನಲ್ಲಿ ನೀರಿನ ಕ್ಯಾನ್ ಹಿಡಿದು ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಮೇಲಿನಿಂದ ನರ್ಸಮ್ಮ ಕೂಗಿದಳು. ಮೊದಲು ಟೆಲಿಫೋನ್ ಆಪರೇಟರ್ ಆಗಿದ್ದ ಒಬ್ಬ ಅಜ್ಜಿ, ಎಂಬತ್ತೊಂದು ವರ್ಷ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಕೋಣೆ ಕಾದ ಕಾವಲಿಯಾಗಿತ್ತು. ಅಜ್ಜಿ ಮಾತು ತೊದಲುತ್ತಿದ್ದರೂ ಮಂಚ ಬಿಟ್ಟೇಳಲು ಒಪ್ಪುತ್ತಿರಲಿಲ್ಲ. ಪೆಟ್ಟಿಗೆಯಣ್ಣ ಹಿಂಜರಿಯುತ್ತ ಒಳಗೆ ಬಂದ. ಅಜ್ಜಿ ಅವನನ್ನೇ ದಿಟ್ಟಿಸಿದರು.

"ನೀನು ಪೆಟ್ಟಿಗೆಯವನಲ್ವಾ? ಅಷ್ಟು ಬೇಗ ಬಂದ್ಯಾ?"

"ಬರಿಗೈಲಿ ಬಂದಿದ್ದೀನಿ ಅಮ್ಮ. ನೋಡಿ" ಎಂದು ಎರಡೂ ಕೈ ಚಾಚಿ ತೋರಿಸಿದ. ಹಾಗೇ ಅವರ ಮುಂಗೈ ಹಿಡಿದ. ಒಣಗಿತ್ತು. ಈ ಸಲ ಬಿಡಲಿಲ್ಲ. ಅವನ ಜೇಬಿನ ಫೋನ್ ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಯಿತು.

ಕೆಳಗೆ ವ್ಯಾನಿನಲ್ಲಿದ್ದ ಬಾಮೈದನನ್ನು ಕೂಗಿ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಒದ್ದೆ ಬಟ್ಟೆ ಹೊದಿಸಿ ಇಬ್ಬರೂ ಎತ್ತಿಕೊಂಡು ಇಳಿದರು. ಎಷ್ಟೋ ವರ್ಷಗಳಿಂದ ಅವರು ಮೆಟ್ಟಿಲಿಳಿಸಿದ ಭಾರಗಳಲ್ಲಿ ಬಯ್ದದ್ದು ಇದೊಂದೇ. "ಗೋಡೆಗೆ ಗುದ್ದಬೇಡ್ರೋ", "ನಿಧಾನ, ಏನು ಯಾರಾದ್ರೂ ಅಟ್ಟಿಸಿಕೊಂಡು ಬರ್ತಿದ್ದಾರಾ" ಎಂದು ಅಜ್ಜಿ ತೊದಲುತ್ತಲೇ ಉದ್ದಕ್ಕೂ ಗೊಣಗಿದರು. ಆಸ್ಪತ್ರೆಯವರು ಎರಡು ದಿನ ಇರಿಸಿಕೊಂಡು ಮನೆಗೆ ಕಳಿಸಿದರು.

ಆ ಮಧ್ಯಾಹ್ನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿ ಹೊರಬಂದಾಗ ಪೆಟ್ಟಿಗೆಯಣ್ಣ ವ್ಯಾನಿನಲ್ಲಿ ಕುಳಿತ.

"ಮೇಷ್ಟ್ರು ಇವರಿಗಿಂತ ಹಗುರ ಇದ್ರು ಕಣೋ" ಎಂದ.

ಬಾಮೈದ ಅವನ ಫೋನ್ ತೆಗೆದುಕೊಂಡು, ಆಗ ಎತ್ತದೆ ಬಿಟ್ಟಿದ್ದ ಕರೆಯ ನಂಬರ್ ನೋಡಿ, "ಕರೆದಿದ್ದಾರೆ ಭಾವ, ಹೋಗೋಣ್ವಾ?" ಎಂದ.

"ಎಷ್ಟನೇ ಮಹಡಿ, ಮನೇಲಿ ಇನ್ಯಾರಿದ್ದಾರೆ, ಮೊದಲು ಕೇಳು" ಎಂದ ಪೆಟ್ಟಿಗೆಯಣ್ಣ.