ಹುಲಿಗೆಮ್ಮ ಬರೆಯಬೇಡಿ ಎಂದ ಸಾಲು

ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ನಡೆದದ್ದು. ಬಾಲಕಿಯರ ವಸತಿನಿಲಯದ ವಾರ್ಡನ್ ಕೆಲಸದಿಂದ ನಿವೃತ್ತಳಾಗಿ ನಾನು ಬಳ್ಳಾರಿಯ ಪಾರ್ವತಿನಗರದಲ್ಲಿ ನೆಲೆಸಿದ್ದೆ. ಬೆಳಗಿನ ಕೆಲಸವೆಲ್ಲ ಮುಗಿಸಿ ಪೇಪರ್ ಹಿಡಿದು ಕೂರುವ ಹೊತ್ತಿಗೆ ಯಾರಾದರೂ ಬಂದರೆ ನನಗೆ ಸಿಡಿಮಿಡಿ. ಅಂಥ ಹೊತ್ತಿನಲ್ಲೇ ಹಿಂದಿನ ಬೀದಿಯ ಹುಲಿಗೆಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳ ಗಂಡ ಆಟೋ ಓಡಿಸುತ್ತಾನೆ. ಇಬ್ಬರೂ ಕುರುಗೋಡಿನಿಂದ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದು ಹೆಚ್ಚು ದಿನ ಆಗಿರಲಿಲ್ಲ.

"ಮೇಡಮ್ಮಾರ, ಇದನ್ನೊಮ್ಮೆ ನೋಡ್ರಿ. ಸೋಮವಾರ ಇಂಟರ್‌ವ್ಯೂ ಐತಿ" ಎಂದು ಎರಡು ಹಾಳೆ ಕೊಟ್ಟಳು. ಊರಂಚಿನ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಬೇಕಾಗಿತ್ತು. ಒಂದು ಸಾಲಿನ ಮಿಷನ್‌ಗಳನ್ನೂ ಅಲ್ಲಿ ಹೊಲಿಯುವವರನ್ನೂ ನೋಡಿಕೊಳ್ಳುವ ಕೆಲಸ.

ಝೆರಾಕ್ಸ್ ಅಂಗಡಿಯವನು ಎಲ್ಲರಿಗೂ ಮಾಡಿಕೊಡುವ ರೆಸ್ಯೂಮೆಯನ್ನೇ ಇವಳಿಗೂ ಮಾಡಿಕೊಟ್ಟಿದ್ದ. ತಂದೆಯ ಹೆಸರು, ಜಾತಿ, ಹವ್ಯಾಸ ಕ್ರಿಕೆಟ್ ಆಡುವುದು, ಕೊನೆಗೆ ಮೇಲಿನದೆಲ್ಲ ನಿಜವೆಂಬ ಪ್ರಮಾಣ. ಅನುಭವ ಎಂಬಲ್ಲಿ "ಇಲ್ಲ" ಎಂದಿತ್ತು.

"ಕ್ರಿಕೆಟ್ ಆಡ್ತೀಯೇನು?"

"ನಾನ್ಯಾಕ ಆಡಲ್ರಿ. ಆ ಹುಡುಗ ಯಾರದ್ದೋ ತಗದು ನಂದು ಹಾಕ್ಯಾನ."

"ಅನುಭವ ಇಲ್ಲ ಅಂತ ಬರೆದು ಸೂಪರ್‌ವೈಸರ್ ಕೆಲಸ ಕೇಳಿದರೆ ಯಾರು ಕೊಡುತ್ತಾರೆ?"

"ಕೊಡದಿದ್ರ ಹೊಲದ ಪ್ಯಾಂಟಿನ ಉಳದ ದಾರ ಕತ್ತರಿಸಾಕ ಹಾಕ್ತಾರಂತ್ರಿ. ಅಲ್ಲಿ ಇನ್ನೊಂದು ಲೈನಿನ ಸೂಪರ್‌ವೈಸರ್ ಶಂಕ್ರಗ ನಮ್ಮೂರಾಗ ಮಿಷನ್ನಿಗೆ ದಾರ ಪೋಣಸಾಕ ಕಲಿಸಿದಾಕಿ ನಾನು. ಅವನ ಕೈ ಕೆಳಗ ಕುಂತು ದಾರ ಕತ್ತರಿಸಬೇಕು." ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಒಳಗೆ ಕರೆದು ಕೂರಿಸಿ, ಒಂದೊಂದಾಗಿ ಕೇಳಿದೆ. ಕುರುಗೋಡಿನ ತವರಿನಲ್ಲಿ ಅವಳ ಅಣ್ಣ ವೀರೇಶ ಜೀನ್ಸ್ ಹೊಲಿಯುವ ಸಣ್ಣ ಘಟಕ ಇಟ್ಟಿದ್ದ. ಬಳ್ಳಾರಿಯ ವ್ಯಾಪಾರಿಗಳು ಕತ್ತರಿಸಿದ ಬಟ್ಟೆ ಕಳಿಸುತ್ತಿದ್ದರು, ಇವರು ಹೊಲಿದು ಕೊಡುತ್ತಿದ್ದರು. ಆರ್ಡರ್ ಕಡಿಮೆಯಾಗಿ ಘಟಕ ಮುಚ್ಚುವವರೆಗೆ ಹೊಲಿಯುವವರಿಗೆ ಕೆಲಸ ಹಂಚುವುದು, ಹೊಸಬರಿಗೆ ಕಲಿಸುವುದು, ತಪ್ಪಿದ ಹೊಲಿಗೆ ಬಿಚ್ಚಿಸುವುದು ಎಲ್ಲ ಇವಳದೇ.

"ಇದೇ ಅಲ್ಲವೇ ಅನುಭವ?" ಎಂದು ನಾನು ಕಂಪ್ಯೂಟರಿನಲ್ಲಿ "ಜೀನ್ಸ್ ಹೊಲಿಗೆ ಘಟಕವನ್ನು ನಡೆಸಿದ್ದೇನೆ" ಎಂದು ಟೈಪ್ ಮಾಡಿದೆ.

ಹುಲಿಗೆಮ್ಮ ಗಾಬರಿಯಾದಳು. "ಅದನ್ನ ಬರೀಬ್ಯಾಡ್ರಿ. ಅದು ನಮ್ಮಣ್ಣಂದು. ನಾನು ಮನಿ ಮಗಳು, ಮನಿ ಕೆಲಸ ಮಾಡೀನಿ. ನಾನ ನಡಸಿದ್ದು ಅಂದ್ರ ತವರಿನ ಮಾನ ಏನಾಗಬೇಕು?"

ವಾದ ಮಾಡಿ ಫಲವಿಲ್ಲ ಎನಿಸಿತು. ಕ್ರಿಕೆಟ್, ಜಾತಿ, ಪ್ರಮಾಣ ಎಲ್ಲ ಕಿತ್ತುಹಾಕಿ ಒಂದೇ ಪುಟಕ್ಕೆ ತಂದೆ. ಗೊತ್ತಿರುವ ಕೆಲಸಗಳನ್ನು ಸ್ಪಷ್ಟವಾಗಿ ಬರೆದೆ. ಆದರೆ ಆ ಸಾಲಿನ ಜಾಗದಲ್ಲಿ ಅವಳು ಒಪ್ಪಿದಂತೆ "ಅಣ್ಣನ ಘಟಕದಲ್ಲಿ ಕೆಲಸಕ್ಕೆ ನೆರವಾದೆ" ಎಂದು ಹಾಕಿದೆ. ವಿಚಾರಿಸುವುದಿದ್ದರೆ ಯಾರನ್ನು ಎಂಬಲ್ಲಿ ವೀರೇಶನ ಫೋನ್ ನಂಬರ್ ಬೇಕಾಗಿತ್ತು. ಅದನ್ನೂ ಅಣ್ಣನನ್ನು ಕೇಳದೆ ಹಾಕಕೂಡದು, ಫೋನಿನಲ್ಲಿ ಕೇಳುವ ಮಾತಲ್ಲ ಎಂದಳು. ಭಾನುವಾರ ಬೆಳಿಗ್ಗೆ ಇಬ್ಬರೂ ಕುರುಗೋಡಿನ ಬಸ್ಸು ಹತ್ತಿದೆವು.

ವೀರೇಶ ಈಗ ಗೂಡ್ಸ್ ಗಾಡಿ ಓಡಿಸುತ್ತಾನೆ. ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದವನು ಕೈ ಒರೆಸಿಕೊಂಡು ಬಂದ. ಅವನ ಹೆಂಡತಿ ನಾಗರತ್ನ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ನಾನು ಬಂದ ಕಾರಣ ಹೇಳಿ ಹಾಳೆ ಕೊಟ್ಟೆ. ಹುಲಿಗೆಮ್ಮ ಅಡಿಗೆಮನೆಯ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದಳು.

ವೀರೇಶ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದ. "ಮೇಡಂ, ಇಲ್ಲಿ ಸುಳ್ಳು ಬರ್ದೀರಲ್ಲ."

ಹುಲಿಗೆಮ್ಮನ ಮುಖ ಬಿಳಿಚಿತು. ನಾನು ಉತ್ತರಕ್ಕೆ ತಯಾರಾಗುತ್ತಿದ್ದೆ.

"ನೆರವಾದೆ ಅಂತೈತಿ. ನೆರವಾದಾವ ನಾನ್ರಿ. ನಾನು ಮಾಲ್ ತರತಿದ್ದೆ, ಒಯ್ದು ಮುಟ್ಟಸ್ತಿದ್ದೆ. ಒಳಗಿಂದೆಲ್ಲ ಆಕೀದ."

"ಈಗರ ಬಾಯಿ ಬಿಟ್ಟೀ" ಎಂದಳು ನಾಗರತ್ನ. "ಎಲ್ಲಾರ ಮುಂದ ನನ್ನ ಯೂನಿಟ್, ನನ್ನ ಯೂನಿಟ್ ಅಂತ ಮೀಸಿ ತಿರುವಿದ್ದ ತಿರುವಿದ್ದು."

"ಮಿಷನ್ ನಾನ ತಂದಿದ್ದಿಲ್ಲೇನು? ಅಷ್ಟರ ತಿರುವಬ್ಯಾಡೇನು?" ಎಂದು ವೀರೇಶ ನಕ್ಕು, ತಂಗಿಯ ಕಡೆ ತಿರುಗಿದ. "ಹುಲಿಗೀ, ಏನ್ ನಾಚ್ಕೀಲೇ ನಿನಗ? ಮೇಡಂ, ತಿದ್ದಿ ಬರೀರಿ. ನನ್ನ ನಂಬರೂ ಹಾಕ್ರಿ. ಯಾರು ಕೇಳಿದ್ರೂ ಹೇಳ್ತೀನಿ."

ಸೋಮವಾರ ನಾನೂ ಜೊತೆಗೆ ಹೋದೆ. ಮ್ಯಾನೇಜರ ಕೋಣೆಗೆ ಪ್ಲೈವುಡ್ ಗೋಡೆ. ಹೊರಗೆ ಬೆಂಚಿನ ಮೇಲೆ ಕುಳಿತವರಿಗೂ ಒಳಗಿನ ಮಾತು ಕೇಳುತ್ತಿತ್ತು.

"ಘಟಕ ನಡೆಸಿದ್ದೇನೆ ಅಂತಿದೆ. ಮಾಲೀಕರು ಯಾರಮ್ಮ?"

"ನಮ್ಮಣ್ಣ ರಿ."

"ಹಾಗಾದರೆ ನಡೆಸಿದ್ದು ಅವರು."

ಕಾಗದದಲ್ಲಿ ಬರೆದದ್ದನ್ನು ಬಾಯಲ್ಲಿ ಹೇಳುವುದು ಬೇರೆಯೇ ಎಂದು ನನಗೆ ಆಗ ಹೊಳೆಯಿತು. ಎದ್ದು ಒಳಗೆ ಹೋಗಿ ನಾನೇ ಹೇಳಿಬಿಡಲೇ ಅನ್ನಿಸಿತು. ಹೋಗಬಾರದೆಂದು ಬ್ಯಾಗಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತೆ.

"ಇಲ್ರಿ" ಎಂದಿತು ಹುಲಿಗೆಮ್ಮನ ದನಿ. "ಮಾಲೀಕ ಅಂವ. ನಡಸಿದಾಕಿ ನಾನು."

ಆಮೇಲೆ ಮಾತು ನಿಲ್ಲಲಿಲ್ಲ. ಬೇರೆ ಬೇರೆ ಸೈಜು ಬೆರೆತು ಬಂದ ಬಟ್ಟೆಯ ಕಟ್ಟುಗಳನ್ನು ಬೇರೆ ಮಾಡಿಸಿದ್ದು, ಕರೆಂಟ್ ಹೋದಾಗ ಗುಂಡಿ ಹಚ್ಚುವ ಕೈಕೆಲಸ ಹಂಚಿದ್ದು, ಜಗಳವಾಡಿದ ಇಬ್ಬರನ್ನು ಅಕ್ಕಪಕ್ಕದ ಮಿಷನ್ನಿಗೇ ಕೂರಿಸಿದ್ದು. "ಅಕ್ಕಪಕ್ಕ ಯಾಕೆ?" ಎಂದು ಮ್ಯಾನೇಜರು ಕೇಳಿದರು. "ದೂರ ಕುಂತ್ರ ಕೂಗ್ಯಾಡ್ತಾರಲ್ರಿ" ಎಂದಳು. ಮ್ಯಾನೇಜರು ನಕ್ಕದ್ದು ಕೇಳಿಸಿತು. ವೀರೇಶನಿಗೆ ಫೋನ್ ಮಾಡಿದರು. ಅವನು ಏನು ಹೇಳಿದನೋ ಕೇಳಿಸಲಿಲ್ಲ. ಬಹಳ ಹೊತ್ತು ಹೇಳಿದ. ಮುಂದಿನ ತಿಂಗಳಿನಿಂದ ಸೂಪರ್‌ವೈಸರ್ ಆಗಿ ಬರಲು ತಿಳಿಸಿದರು.

ಗೇಟು ದಾಟಿದ ಕೂಡಲೇ ಅವಳು ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣಾ, ನಾನ ನಡಸಿದ್ದು ಅಂತ ಹೇಳಿಬಿಟ್ಟೆ" ಎನ್ನುತ್ತ ಅಳತೊಡಗಿದಳು. ಆ ಕಡೆಯಿಂದ ವೀರೇಶನ ದೊಡ್ಡ ದನಿ ನನಗೂ ಕೇಳಿಸಿತು. "ಅದು ನನಗ ಗೊತ್ತಿಲ್ಲೇನು? ಕೆಲಸ ಕೊಟ್ರೋ ಇಲ್ಲೋ, ಅದನ್ನ ಹೇಳು ಮದಲ."

ಈಗ ರೆಸ್ಯೂಮೆ ಬರೆಸಿಕೊಳ್ಳಲು ನಮ್ಮ ಬೀದಿಯ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ. ಓದು, ವಯಸ್ಸು ಆಮೇಲೆ. ಮನೆಯಲ್ಲಿ ಯಾರ ಹೆಸರಿನ ಕೆಲಸವನ್ನು ನೀನು ಮಾಡುತ್ತಿದ್ದೀ ಎಂದು ಮೊದಲು ಕೇಳುತ್ತೇನೆ. ಇದೇನು ಪ್ರಶ್ನೆ ಎಂದು ನಗುತ್ತಾರೆ. ಆಮೇಲೆ ಹೇಳತೊಡಗುತ್ತಾರೆ.