ದತ್ತೂರಿಯ ಬದಲು ಬದನೆ ಬೀಜ

ಸಾಯಗಾಂವದ ದೇವಿ ಆ ಮಂಗಳವಾರ ಬರದಂತೆ ಮಾಡಿದವಳು ನಾನು. ಭಾಗಮ್ಮ ಅತ್ತೆ ಏನೋ ಪಾಪ ಮಾಡಿದ್ದಕ್ಕೆ ದೇವಿ ಮುನಿದಳು ಎಂದು ಊರು ನಂಬಿತು — ಅತ್ತೆಯೂ ನಂಬಿದಳು — ನಾನು ಬಾಯಿ ಬಿಡಲಿಲ್ಲ.

ಭಾಗಮ್ಮ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಕುರಿ ಕಾಯುತ್ತಿದ್ದಳು. ವಾರದ ಆರು ದಿನ ಅವಳ ಮಾತಿಗೆ ಮನೆಯಲ್ಲೇ ಬೆಲೆಯಿರಲಿಲ್ಲ. ಮಂಗಳವಾರ ಮಾತ್ರ ಗುಡಿಯಲ್ಲಿ ಕೂತು, ಕೆಂಡದ ಮೇಲೆ ಒಣಗಿದ ಬೀಜ ಉದುರಿಸಿ, ತಲೆಯ ಮೇಲಿಂದ ಸೆರಗು ಮುಚ್ಚಿಕೊಂಡು ಆ ಹೊಗೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ಮೈಮೇಲೆ ದೇವಿ ಬರುತ್ತಿದ್ದಳು. ಊರ ಪಾಟೀಲರೂ ಕೈಮುಗಿದು ನಿಂತು ಕೇಳುತ್ತಿದ್ದರು.

ಅದು ದತ್ತೂರಿ ಬೀಜ ಎಂದು ನನಗೆ ತಿಳಿದದ್ದು ಭಾಲ್ಕಿಯಲ್ಲಿ ಪಿಯುಸಿ ಓದುವಾಗ. ಪಾಠದಲ್ಲಿ ಅದರ ಮುಳ್ಳುಕಾಯಿ ತೋರಿಸಿ, ಇದು ವಿಷ, ಇಲ್ಲದ್ದನ್ನು ಕಾಣಿಸುತ್ತದೆ ಎಂದರು. ನನಗೆ ನಗು ಬಂತು. ನಮ್ಮೂರ ದೇವಿ ಇಷ್ಟೇ ಏನು...

ಅದು ಬರಗಾಲದ ಎರಡನೆಯ ವರ್ಷ. ಬಾವಿಗಳು ಬತ್ತಿದ್ದವು. ಕಬ್ಬು ಕಡಿಯಲು ಜನರನ್ನು ಮಹಾರಾಷ್ಟ್ರಕ್ಕೆ ಒಯ್ಯುವ ಮುಕಾದಮನ ಲಾರಿ ಬುಧವಾರ ಬರುವುದಿತ್ತು. ಯಾರು ಹೋಗಬೇಕು, ಯಾರು ಉಳಿಯಬೇಕು ಎಂದು ದೇವಿಯನ್ನು ಕೇಳಲು ಹಿಂದಿನ ದಿನ ಊರು ಸೇರಿತು.

ಬೆಳಿಗ್ಗೆಯೇ ನಾನು ಅತ್ತೆಯ ಸಂಚಿಯಲ್ಲಿದ್ದ ಬೀಜ ಚೆಲ್ಲಿ, ಬದನೆ ಬೀಜ ತುಂಬಿಟ್ಟಿದ್ದೆ. ಹೊಗೆ ಕುಡಿದ ಮರುದಿನವೆಲ್ಲ ಅವಳು ಬಾಯಿ ಒಣಗಿ, ಕಣ್ಣು ಮಂಜಾಗಿ ಬಿದ್ದಿರುತ್ತಿದ್ದಳು. ಅವಳ ಜೀವ ಉಳಿಸಲು ಹೀಗೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಹೇಳುವುದಿಲ್ಲ. ದೇವಿ ಎಂಬುದು ಬರೀ ಬೀಜದ ಹೊಗೆ ಎಂದು ತೋರಿಸಿ ನನಗೆ ಗೆಲ್ಲಬೇಕಾಗಿತ್ತು, ಅಷ್ಟೇ.

ಅತ್ತೆ ಹೊಗೆ ಎಳೆದಳು, ಕಾದಳು, ಮತ್ತೊಂದು ಹಿಡಿ ಹಾಕಿದಳು. ಕೊನೆಗೆ ಸೆರಗು ಸರಿಸಿ ತನ್ನದೇ ದನಿಯಲ್ಲಿ ಹೇಳಿದಳು:

“ಅವ್ವ ಇವತ್ತ ಬರವಲ್ಲಳು. ಆದ್ರ ನಾ ಹೇಳ್ತೇನಿ, ಕೇಳ್ರಿ. ಗಟ್ಟಿ ಇದ್ದವ್ರು ಹೋಗ್ರಿ. ಶಾಂತಾಗ ಏಳು ತಿಂಗಳಾಗ್ಯಾವ, ಆಕಿನ್ನ ಲಾರಿ ಹತ್ತಿಸಬ್ಯಾಡ್ರಿ. ನಮ್ಮನ್ಯಾಗ ಇರ್ಲಿ.”

ಶಾಂತಾ ಪಕ್ಕದ ಮನೆಯ ಮಾರುತಿಯ ಹೆಂಡತಿ. ಮಾರುತಿಯ ತಾಯಿ ಎದ್ದು ನಿಂತಳು. “ದೇವಿ ಹೇಳಿದ್ರ ಕೇಳ್ತಿದ್ವಿ. ನೀ ಯಾರವ್ವ ನಮಗ ಹೇಳಾಕಿ?”

ನಾನು ಅಲ್ಲೇ ಇದ್ದೆ. ನಾನು ಒಂದು ಮಾತು ಆಡಿದ್ದರೆ —

ಶಾಂತಾ ಮರಳಲಿಲ್ಲ. ಕಬ್ಬಿನ ಹೊಲದಲ್ಲೇ ಹೆರಿಗೆಯಾಗಿ ತಾಯಿ ಮಗು ಇಬ್ಬರೂ ತೀರಿಕೊಂಡರು. ಅತ್ತೆ ಮತ್ತೆಂದೂ ಕೆಂಡದ ಮುಂದೆ ಕೂರಲಿಲ್ಲ. “ನಂದೇ ಏನೋ ತಪ್ಪಾಗ್ಯಾದ,” ಎನ್ನುತ್ತಲೇ ಔರಾದಿನ ತಂಗಿಯ ಮನೆ ಸೇರಿ, ಅಲ್ಲೇ ಸತ್ತಳು.

ನಾನು ಬೀದರಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದೆ. ಮನುಷ್ಯರಿಗೆ ಮೊಟ್ಟಮೊದಲು ದೇವರನ್ನು ಕಾಣಿಸಿದ್ದು ಇಂಥ ಗಿಡಗಳೇ ಇರಬಹುದು ಎಂಬ ವಾದ ಬಂದಾಗಲೆಲ್ಲ ಅತ್ತೆಯ ಕಥೆ ಹೇಳಿ ತರಗತಿಯನ್ನು ನಗಿಸುತ್ತಿದ್ದೆ — ಶಾಂತಾಳ ಸಾವನ್ನು ಮಾತ್ರ ಹೇಳದೆ. ಇನ್ನು ನಗಿಸುವುದಿಲ್ಲ. ಬೀಜ ತಂದದ್ದು ದೇವಿಯನ್ನೋ ಭ್ರಮೆಯನ್ನೋ, ಪಂಡಿತರು ಜಗಳಾಡಲಿ. ಏಳು ತಿಂಗಳ ಬಸುರಿ ಲಾರಿ ಹತ್ತಬಾರದು ಎಂಬ ತಿಳಿವಳಿಕೆ ಅತ್ತೆಯದು. ಆದರೆ ಒಬ್ಬ ವಿಧವೆಯ ಮಾತನ್ನು ಊರು ಕೇಳುವಂತೆ ಮಾಡುತ್ತಿದ್ದದ್ದು ಆ ಹೊಗೆ ಒಂದೇ. ಅದನ್ನು ನಾನು ಕಿತ್ತುಕೊಂಡೆ. ಬದಲಿಗೆ ಏನನ್ನೂ ಕೊಡಲಿಲ್ಲ.

“ಅಕ್ಕಾ, ಈಗ ಯಾಕ ಮನಿತನದ ಮರ್ಯಾದಿ ತೆಗೀತಿ?” ಎಂದ ನನ್ನ ತಮ್ಮ, ಇದನ್ನೆಲ್ಲ ಹೇಳಿಬಿಡುತ್ತೇನೆ ಎಂದಾಗ. ತೆಗೆಯುತ್ತೇನೆ. ಅತ್ತೆ ಈ ಮನೆತನದವಳಲ್ಲವೇ?

ಕಳೆದ ತಿಂಗಳು ಭಾಲ್ಕಿಯಲ್ಲಿರುವ ಮಾರುತಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಮುದುಕ, “ದೇವಿ ಬರ್ಲಿ ಬಿಡ್ಲಿ, ಭಾಗಮ್ಮನ ಮಾತು ನಾವರೆ ಕೇಳಬೇಕಾಗಿತ್ರಿ,” ಎಂದ.

ನನ್ನ ಭಾರ ಹಗುರ ಮಾಡಲು ಹಾಗೆಂದನೋ ಏನೋ. ನಾನು ಒಪ್ಪಲಿಲ್ಲ. ಊರಿನ ತಪ್ಪನ್ನು ಊರು ನೋಡಿಕೊಳ್ಳಲಿ. ನನ್ನ ಪಾಲನ್ನು ನಾನು ಯಾರ ಜೊತೆಗೂ ಹಂಚಿಕೊಳ್ಳುವುದಿಲ್ಲ.