ಬೀರುವಿನಲ್ಲಿ ಬಿಚ್ಚದ ಆಟಗಳು

ದೊಡ್ಡಪ್ಪನ ಮಗನ ಮೇಲಿನ ಸಿಟ್ಟನ್ನು ಹದಿಮೂರು ವರ್ಷ ನೀರು ಗೊಬ್ಬರ ಹಾಕಿ ಬೆಳೆಸಿದವಳು ನಾನು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಬೆಳೆಯಿತು.

ತೊಂಬತ್ತರ ದಶಕದ ಮಾತು, ನನಗಾಗ ಹತ್ತು ವರ್ಷ. ನಾವು ಹೊಳೆನರಸೀಪುರದಲ್ಲಿ, ಅವರು ಹಾಸನದಲ್ಲಿ. ಅವರ ಮನೆಗೆ ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಬಂದಿದೆ ಎಂದು ಗೊತ್ತಾಗಿದ್ದೇ ತಡ, ದಸರಾ ರಜಕ್ಕೆ ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದೆ. ಅಣ್ಣ ನನಗಿಂತ ಎರಡೇ ವರ್ಷ ದೊಡ್ಡವನು, ಗತ್ತು ಮಾತ್ರ ಹೆಡ್‌ಮಾಸ್ಟರದು. ಆರು ದಿನ ಅವನ ಬೆನ್ನ ಹಿಂದೆ ಕೂತು ಅವನು ಕಾರು ಓಡಿಸುವುದನ್ನು ನೋಡಿದೆ. "ನಾಳೆ ಕೊಡ್ತೀನಿ ಕಣೇ, ಇವತ್ತು ನೋಡ್ತಾ ಇರು" ಅನ್ನುವನು. ಮಾರನೆಯ ದಿನ ಕೇಳಿದರೂ ಅದೇ ಮಾತು.

ಏಳನೆಯ ದಿನ ದೊಡ್ಡಮ್ಮ ಗದರಿದರು, "ಪಾಪ, ಕೊಡೋ ಅದಕ್ಕೂ ಒಂದ್ಸಲ." ಅವತ್ತು ಸರಸ್ವತಿ ಪೂಜೆ. ನಮ್ಮ ಮನೆಗಳಲ್ಲಿ ಅವತ್ತು ದೇವರ ಮುಂದೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ಪೂಜೆ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ಮಹಾರಾಯ ತನ್ನ ಗಣಿತದ ಪುಸ್ತಕದ ಮೇಲೆ ಗೇಮು, ಅದರ ಕ್ಯಾಸೆಟ್ಟು ಎಲ್ಲ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಕೂತುಬಿಟ್ಟ! ಮಗನ ಭಕ್ತಿ ನೋಡಿ ದೊಡ್ಡಮ್ಮನಿಗೆ ಸಂತೋಷವೋ ಸಂತೋಷ. "ಇನ್ನು ತೆಗೀಬಾರದು ಕಣಮ್ಮ" ಅಂದರು. ವಿಜಯದಶಮಿಯ ಬೆಳಿಗ್ಗೆ, ಪೂಜೆಗೆ ಮುಂಚೆಯೇ, ಅಪ್ಪ ಬಂದು ನನ್ನನ್ನು ಬಸ್ಸು ಹತ್ತಿಸಿದರು. ಅಣ್ಣ ಬಾಗಿಲಲ್ಲಿ ನಿಂತು ಹಲ್ಲು ಕಿರಿದ. ಇರು ಮಗನೇ, ಅಂದುಕೊಂಡೆ.

ಚನ್ನರಾಯಪಟ್ಟಣದಲ್ಲಿ ಟೀಚರ್ ಕೆಲಸ ಸಿಕ್ಕಿ, ಮದುವೆಯಾಗಿ, ಮನೆಗೆ ಕಂಪ್ಯೂಟರ್ ಬಂದ ಮೇಲೆ ಶುರು ಹಚ್ಚಿಕೊಂಡೆ. ಹಾಸನಕ್ಕೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಆಟದ ಸೀಡಿ ತರುವುದು. ಅಂಗಡಿಯವನಿಗೂ ರೂಢಿಯಾಗಿ, "ಮೇಡಮ್ಮೋರೆ, ಒಸಾದು ಬಂದೈತೆ, ನಿಮ್ಗೇ ಅಂತ ಮಡಗಿವ್ನಿ" ಅನ್ನುವನು. ಅಣ್ಣನಿಗೆ ಇಷ್ಟವಾಗುವಂಥವನ್ನೇ ಆರಿಸಿ ತಂದು ಬೀರುವಿನಲ್ಲಿ ಸೀರೆಗಳ ಪಕ್ಕ ಜೋಡಿಸುತ್ತಿದ್ದೆ. ಆಡಲು ಪುರುಸೊತ್ತೆಲ್ಲಿ? ಪೇಪರ್ ತಿದ್ದಬೇಕು, ಅಡುಗೆ ಆಗಬೇಕು, ನಡುವೆ ಗಣತಿ ಡ್ಯೂಟಿ ಬೇರೆ. ಬೇಸಿಗೆ ರಜಕ್ಕೆ ಅಂದುಕೊಂಡಿದ್ದು ದಸರಾಕ್ಕೆ ಹೋಯಿತು, ಅಷ್ಟರಲ್ಲಿ ಇನ್ನೂ ಹತ್ತು ಬಂದು ಸೇರಿದವು. "ಇದನ್ನೆಲ್ಲ ಯಾವ ಜನ್ಮದಲ್ಲಿ ಆಡ್ತೀಯ?" ಎಂದು ನಮ್ಮವರು ಕೇಳಿದರೆ, "ನಿಮಗೇನು ಗೊತ್ತು, ಸುಮ್ನಿರಿ" ಅನ್ನುತ್ತಿದ್ದೆ. ಅಣ್ಣ ಬಂದು ನೋಡಬೇಕು, ಜೊಲ್ಲು ಸುರಿಸಬೇಕು, ಬಾಯಿಬಿಟ್ಟು ಕೇಳಬೇಕು, ನಾನು ಕೊಡಬಾರದು. ಅಷ್ಟೇ ನನಗೆ ಬೇಕಿದ್ದದ್ದು.

ಬಂದ. ಅರಕಲಗೂಡಿನಲ್ಲಿ ಲೆಕ್ಚರರ್ ಆಗಿದ್ದವನು ಯಾರದೋ ಗೃಹಪ್ರವೇಶಕ್ಕೆ ನಮ್ಮೂರಿಗೆ ಬಂದು, ಊಟ ಮುಗಿಸಿ ನಮ್ಮ ಮನೆಗೂ ಬಂದ. ಕಾಫಿಗೂ ಮುಂಚೆ ಬೀರು ತೆಗೆದು ತೋರಿಸಿದೆ.

"ಅಬ್ಬಬ್ಬಾ! ಒಂದು ಹಾಕೇ, ಆಡೋಣ."

"ನಾನು ಆಡ್ತೀನಿ. ನೀನು ನೋಡ್ತಾ ಇರು."

ಒಂದು ಕಾರಿನ ಆಟದ ಪ್ಲಾಸ್ಟಿಕ್ ಹರಿದು ಹಾಕಿ ಕೂತೆ. ಕಾರು ಹೊರಟಿತು, ಗೋಡೆಗೆ ಹೊಡೆಯಿತು. ಮತ್ತೆ ಹೊರಟಿತು, ಹಳ್ಳಕ್ಕೆ ಬಿತ್ತು. ಮೂರನೆಯ ಸಲ ಹಿಂದುಹಿಂದಕ್ಕೇ ಹೋಯಿತು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಬೀರು ತುಂಬ ಇಟ್ಕೊಂಡಿದೀಯಲ್ಲೇ, ಒಂದೂ ಆಡೋಕೆ ಬರಲ್ವಾ?"

"ಎಲ್ಲಿಂದ ಬರುತ್ತೆ? ನೀನು ಯಾವತ್ತು ಮುಟ್ಟೋಕೆ ಬಿಟ್ಟೆ?"

ನಗು ನಿಂತಿತು. ಅವನ ಮುಖ ಇಷ್ಟು ಸಣ್ಣದಾಯಿತು. ಹಾ, ನನ್ನ ಹೊಟ್ಟೆ ತಣ್ಣಗಾಯಿತು!

ಅವನು ಕುರ್ಚಿ ಹತ್ತಿರ ಎಳೆದುಕೊಂಡ. "ಬಾ, ಹೇಳಿಕೊಡ್ತೀನಿ. ಮೊದಲು ಈ ಬಟನ್ನು..." ಎಂದು ಮೆಲ್ಲಗೆ ಕೈ ಚಾಚಿದ.

ಹತ್ತು ವರ್ಷದ ಹುಡುಗಿ ಆರು ದಿನ ಕಾದು ಕೂತಿದ್ದ ಮಾತು ಅದು. ಈಗ ಒಪ್ಪಿಕೊಂಡುಬಿಟ್ಟರೆ ಇಷ್ಟು ವರ್ಷ ಸಾಕಿದ ಸಿಟ್ಟನ್ನು ಎಲ್ಲಿಡಲಿ? ನಾನು ಕಂಪ್ಯೂಟರ್ ಆಫ್ ಮಾಡಿದೆ. "ಬೇಡ" ಅಂದೆ.

ಅವನು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಆ ವಾರವೇ ಹಾಸನಕ್ಕೆ ಹೋಗಿ ಇನ್ನೂ ಮೂರು ಸೀಡಿ ತಂದೆ.